ಕಾಣದ ಚುಕ್ಕಿಗಳ ತೂಕ

ನಮ್ಮ ಊರಿನಲ್ಲಿ ಮಕ್ಕಳಿಗೆ ಹೆಸರಿಡುವಾಗ ಒತ್ತಕ್ಷರ ಹಾಕುವುದಿಲ್ಲ. ಕಮಲ, ಸರಳ, ಮರಿಗೌಡ, ಚೆಲುವರಾಯ, ಹೀಗೆ ನೀಟಾಗಿ ಮುಗಿಸಿಬಿಡುತ್ತೇವೆ. ಹೆಸರಿಟ್ಟ ಮೇಲೆ ಅದನ್ನು ಎಲ್ಲಾದರೂ ಬರೆಯಲೇಬೇಕಾಗುತ್ತದೆ, ಬರೆದರೆ ಅಕ್ಷರದ ಭಾರಕ್ಕೆ ಮನೆ ನೀರಿಗೆ ಇಳಿಯುತ್ತದೆ, ಒತ್ತಿದ್ದರೆ ಇನ್ನೂ ಇಳಿಯುತ್ತದೆ. ಊರೆಂದರೆ ಕೆರೆಯ ಮೇಲೆ ತೇಲುವ ನಲವತ್ತೊಂದು ಮನೆ, ಮನೆಯಿಂದ ಮನೆಗೆ ಹಗ್ಗ, ಪ್ರತಿ ಮನೆಯ ಹೊರಗೋಡೆಯ ಮೇಲೆ ಒಂದು ಕೆಂಪು ಗೆರೆ. ಆ ಗೆರೆಗೆ ನೀರು ಮುಟ್ಟಿತೆಂದರೆ ಪುರಸಭೆಯವರು ಅದೇ ದಿನ ಬಂದು ಹಗ್ಗ ಬಿಚ್ಚುತ್ತಾರೆ. ಮನೆ ತನ್ನ ಪಾಡಿಗೆ ತೇಲಿಕೊಂಡು ಹೋಗಿ ಆಚೆಯ ಜೊಂಡಿನಲ್ಲಿ ಕೂರುತ್ತದೆ, ಅಲ್ಲಿಂದ ಯಾವ ಮನೆಯೂ ವಾಪಸು ಬಂದದ್ದನ್ನು ನಾನು ಕಂಡಿಲ್ಲ. ಹಾಗಾಗಿ ನಮ್ಮಲ್ಲಿ ಲಗ್ನಪತ್ರಿಕೆಗೆ ಮೂರು ಪದ: ಮದುವೆ, ಸೋಮವಾರ, ಬರಬೇಕು. ಉಳಿದ ಜಾಗವನ್ನೆಲ್ಲ ಖಾಲಿ ಬಿಡುತ್ತೇವೆ, ಖಾಲಿಗೆ ತೂಕವಿಲ್ಲವಲ್ಲ. ನಾನು ಈ ಊರಿನಲ್ಲಿ ಬರೆದದ್ದನ್ನು ಅಳಿಸುವ ರಬ್ಬರ್ ಮಾರಿ ಬದುಕಿದವನು. ಬಾಯಲ್ಲಿ ಕರೆಯುವಾಗ ನನ್ನ ಹೆಸರು ಚಿಕ್ಕಣ್ಣಯ್ಯ. ಅಂಗಡಿಯ ಬೋರ್ಡಿನ ಮೇಲೆ ಚಿಕಣಯ ಎಂದಿದೆ, ಅದನ್ನು ನೋಡಿ ಈವರೆಗೆ ಯಾರೂ ನಕ್ಕಿಲ್ಲ.

ಇಂಥ ಊರಿನಲ್ಲಿ ತೂಬಿನ ಮನೆಯ ಚೆಲುವರಾಯರು ತಮ್ಮ ಮಗಳಿಗೆ ಅಶ್ವತ್ಥಮ್ಮ ಎಂದು ಹೆಸರಿಟ್ಟರು. ಒಂದಲ್ಲ ಎರಡಲ್ಲ, ಮೂರು ಒತ್ತು. ತಮ್ಮ ತಾಯಿಯ ಹೆಸರಂತೆ, ಬಿಡಲಾಗಲಿಲ್ಲವಂತೆ. ಸಾಲದ್ದಕ್ಕೆ ಅದನ್ನು ಬಾಗಿಲ ಪಟ್ಟಿಯ ಮೇಲೆ ಸುಣ್ಣದಲ್ಲಿ ದಪ್ಪಗೆ ಬರೆದರು. ಒಂದು ವರ್ಷ ಕಳೆಯುವಷ್ಟರಲ್ಲಿ ಮನೆ ಒಂದು ಗೇಣು ಇಳಿಯಿತು. ಪುರಸಭೆಯವರು ನಿಂತು ಹೆಸರನ್ನು ಕೆರೆಸಿದರು. ಆಗಲೂ ಅದು ಇಳಿಯುತ್ತಲೇ ಹೋಯಿತು, ನಾವೆಲ್ಲ ಆ ಹೆಸರಿನ ತೂಕ ಮರದೊಳಕ್ಕೆ ಇಂಗಿರಬೇಕೆಂದು ತೀರ್ಮಾನ ಮಾಡಿ ಸುಮ್ಮನಾದೆವು. ಹುಡುಗಿ ಬೆಳೆದಳು, ನಲವತ್ತಾರು ವರ್ಷದವಳಾದಳು, ತಂದೆಯ ನಂತರ ತೂಬಿನ ಕೆಲಸವೂ ಅವಳಿಗೇ ಬಂತು. ಊರಿನವರ ಬಾಯಲ್ಲಿ ಮಾತ್ರ ಅವಳು ಮನೆ ಮುಳುಗಿಸಿದ ಹೆಸರಿನವಳಾಗಿಯೇ ಉಳಿದಳು. ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ, ಏಕೆಂದರೆ ಹಾಗೆ ಆಡಿಕೊಂಡವರಲ್ಲಿ ನಾನೂ ಒಬ್ಬ. ನಮ್ಮ ಮನೆಗೂ ಅವಳ ಮನೆಗೂ ಒಂದೇ ಹಗ್ಗ, ಅವಳ ಮನೆ ಇಳಿದರೆ ನನ್ನ ಮನೆಯ ಹೊಸ್ತಿಲು ವಾಲುತ್ತದೆ ಎನ್ನುವ ಸಿಟ್ಟು ನನಗಿತ್ತು.

ತೂಬಿನ ಕೆಲಸವೆಂದರೆ ಕಂಪ್ಯೂಟರಿನ ಕೆಲಸ. ಮೇಲಿನ ಕಾಲುವೆಯಿಂದ ದಿನಕ್ಕೊಮ್ಮೆ ಬೆಳಿಗ್ಗೆ ನೀರು ಬರುತ್ತದೆ, ಆ ಹೊತ್ತಿಗೆ ಕೆರೆಯ ತಳದಲ್ಲಿರುವ ತೂಬು ತೆರೆದು ಹೆಚ್ಚಿನ ನೀರನ್ನು ಬಿಡಬೇಕು. ಅದಕ್ಕೊಂದು ಪ್ರೋಗ್ರಾಮ್ ಇದೆ, ಚೆಲುವರಾಯರು ಬರೆದದ್ದು. ಅವರು ಬದುಕಿದ್ದಾಗ ಸಂಜೆ ಹೊತ್ತು ಅವರ ಕಿಟಕಿಯಿಂದ ಒಂದೇ ಕೀಲಿಯನ್ನು ಒತ್ತುವ ಸದ್ದು ನಮ್ಮ ಮನೆಗೆ ಕೇಳುತ್ತಿತ್ತು, ಟಕ ಟಕ ಟಕ. ಏನು ರಾಯರೇ ಅಷ್ಟೊಂದು ಬರೆಯುತ್ತಿದ್ದೀರಿ ಎಂದು ಒಮ್ಮೆ ಕೇಳಿದ್ದೆ. ಬರೆಯುತ್ತಿಲ್ಲ ಕಣಯ್ಯ, ಸಾಲಿನ ಪಕ್ಕ ಖಾಲಿ ಬಿಡುತ್ತಿದ್ದೇನೆ, ಮನೆಗೆ ಸ್ವಲ್ಪ ಗಾಳಿ ಸಿಗಲಿ ಎಂದಿದ್ದರು. ಪಾಪ, ಒಳ್ಳೆಯ ಮನುಷ್ಯ. ಅವರು ತೀರಿಕೊಂಡ ವಾರ ಪುರಸಭೆಯವರು ಪ್ರೋಗ್ರಾಮ್ ಬರೆಯಲು ಅವರು ಬಳಸುತ್ತಿದ್ದ ದೊಡ್ಡ ಎಡಿಟರನ್ನು ಕಂಪ್ಯೂಟರಿನಿಂದ ತೆಗೆಸಿಹಾಕಿದರು. ಮನೆ ಕೊಂಚ ಮೇಲೆ ಬಂತು, ನೀರಿಗೂ ಕೆಂಪು ಗೆರೆಗೂ ನಡುವೆ ಎರಡು ಬೆರಳು ಜಾಗ ಉಳಿಯಿತು. ಅಂದಿನಿಂದ ಆ ಪ್ರೋಗ್ರಾಮನ್ನು ತೆರೆದು ನೋಡುವ ದಾರಿಯೇ ಇರಲಿಲ್ಲ, ಅಗತ್ಯವೂ ಬಿದ್ದಿರಲಿಲ್ಲ.

ಅಗತ್ಯ ಬಿದ್ದದ್ದು ಮೇಲಿನ ಕಾಲುವೆಯವರು ಎರಡನೇ ಕಾಲುವೆ ತೋಡಿದಾಗ. ಬರುವ ಭಾನುವಾರದಿಂದ ಸಂಜೆಯೂ ನೀರು ಬಿಡುತ್ತೇವೆಂದು ಸೋಮವಾರ ಹೇಳಿಕಳಿಸಿದರು. ತೂಬು ಸಂಜೆ ತೆರೆಯದಿದ್ದರೆ ಕೆರೆ ಏರಿ ಹಗ್ಗಗಳು ಕಿತ್ತು ಬರುತ್ತವೆ. ಪುರಸಭೆ ಸೇರಿತು. ಅಧ್ಯಕ್ಷ ಮರಿಗೌಡರು, ಹೆಸರಿನಲ್ಲಿ ಒಂದೂ ಒತ್ತಿಲ್ಲದ ಕಾರಣಕ್ಕೇ ಮೂರು ಸಲ ಆರಿಸಿ ಬಂದವರು, ದಡದ ಪಟ್ಟಣದಿಂದ ಒಬ್ಬ ಇಂಜಿನಿಯರನ್ನು ಕರೆಸುವುದೆಂದರು. ಅವನು ಶನಿವಾರದ ದೋಣಿಗೆ ತನ್ನ ದೊಡ್ಡ ಎಡಿಟರ್ ತರುತ್ತಾನೆ, ತೂಬಿನ ಮನೆಯ ಕಂಪ್ಯೂಟರಿನಲ್ಲಿ ಹಾಕುತ್ತಾನೆ, ಅರ್ಧ ದಿನದಲ್ಲಿ ಕೆಲಸ ಮುಗಿಸುತ್ತಾನೆ. ಅಷ್ಟು ಭಾರಕ್ಕೆ ಕೆಂಪು ಗೆರೆ ನೆನೆಯುವುದು ಖಂಡಿತ. ಪ್ರೋಗ್ರಾಮನ್ನು ತೂಬನ್ನು ತೆರೆಸುವ ಪೆಟ್ಟಿಗೆಗೆ ಇಳಿಸಿಕೊಂಡ ಮೇಲೆ ಮನೆಯ ಹಗ್ಗ ಬಿಚ್ಚಿದರಾಯಿತು, ಊರು ಉಳಿಯಲು ಒಂದು ಮನೆ ಹೋದರೆ ಹೋಗಲಿ ಎಂದು ಅವರು ಸಮಾಧಾನವಾಗಿಯೇ ಹೇಳಿದರು.

ಅಶ್ವತ್ಥಮ್ಮ ಸಭೆಯ ಕೊನೆಯಲ್ಲಿ ಕೂತಿದ್ದಳು. ಹುಟ್ಟಿದ ಮನೆ, ಅಪ್ಪ ಸತ್ತ ಮನೆ, ಅದು ಬಿಟ್ಟರೆ ಅವಳಿಗೆ ಬೇರೆ ನೆಲೆ ಇಲ್ಲ. ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ. ಎದ್ದು ನಿಂತು ಶುಕ್ರವಾರ ಸಂಜೆಯ ತನಕ ಪುರಸೊತ್ತು ಕೊಡಿ ಎಂದಳು. ಗೆರೆ ನೆನೆಯದ ಹಾಗೆ ತಾನೇ ಆ ಕೆಲಸ ಮಾಡುತ್ತೇನೆ, ಆಗದಿದ್ದರೆ ಹಗ್ಗವನ್ನು ತಾನೇ ಬಿಚ್ಚಿ ಕೊಡುತ್ತೇನೆ ಎಂದಳು. ಮರಿಗೌಡರು ಮೂಗು ಮುರಿದರು, ಆದರೂ ಒಪ್ಪಿದರು.

ಮಂಗಳವಾರ ಅಂಚೆ ದೋಣಿಯ ಜುಲೇಖಾ ಬಂದಳು. ಊರಿನವರ ಕಾಗದಗಳನ್ನು ತೂಗಿ ತರುವುದು, ತೂಗಿ ಒಯ್ಯುವುದು ಅವಳ ಕೆಲಸ, ಹಾಗಾಗಿ ತೂಕದ ವಿಷಯದಲ್ಲಿ ಅವಳ ಮಾತೇ ಕಡೆಯ ಮಾತು. ದಡದಲ್ಲಿ ಅವಳ ತಂಗಿಯೊಬ್ಬಳು ಪುಟ್ಟ ಎಡಿಟರೊಂದನ್ನು ಬಳಸುತ್ತಾಳಂತೆ. ಅದರಲ್ಲಿ ಚಿತ್ರವಿಲ್ಲ, ಗಂಟೆ ಜಾಗಟೆ ಇಲ್ಲ, ಬರೆಯಲು ಒಂದು ಹಾಳೆ ಮಾತ್ರ. ಬೇಕಾದದ್ದನ್ನು ಒಂದೊಂದಾಗಿ ನಾವೇ ಸೇರಿಸಿಕೊಳ್ಳಬೇಕು. ಜುಲೇಖಾ ಅದನ್ನು ಬೆರಳುದ್ದದ ಡ್ರೈವಿನಲ್ಲಿ ತುಂಬಿ ತಂದಿದ್ದಳು. ದೋಣಿಯಲ್ಲಿ ಇಟ್ಟಾಗ ದೋಣಿ ಅಲ್ಲಾಡಲೂ ಇಲ್ಲ, ಕಳೆದುಹೋಯಿತೇನೋ ಎಂದು ಎರಡು ಸಲ ಸೆರಗು ಬಿಚ್ಚಿ ನೋಡಿದೆ ಎಂದಳು.

ಅಶ್ವತ್ಥಮ್ಮ ಅದನ್ನು ಹಾಕುವಾಗ ನಾನು ನನ್ನ ಪುಟ್ಟ ದೋಣಿಯಲ್ಲಿ ಕೂತು ಅವಳ ಮನೆಯ ಗೋಡೆಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದೆ. ಅವಳೇ ಕೇಳಿಕೊಂಡಿದ್ದಳು. ಒಳಗೆ ಒಂದು ಕೆಲಸ ಮಾಡಿದಾಗಲೆಲ್ಲ ಹೊರಗೆ ಬಂದು ನೋಡಲು ಅವಳಿಗೆ ಪುರಸೊತ್ತಿರಲಿಲ್ಲ. ಹಗ್ಗ ಒಂದೇ ಆದ್ದರಿಂದ ನನಗೂ ಭಯವಿತ್ತೆಂದು ಬೇರೆ ಹೇಳಬೇಕಿಲ್ಲ. ಎಡಿಟರ್ ಕೂತಿತು. ನೀರು ಒಂದು ಜೋಳದ ಕಾಳಿನಷ್ಟು ಏರಿತು. ಕಿಟಕಿಯ ಕಡೆ ತಿರುಗಿ ಒಂದು ಕಾಳು ಎಂದು ಕೂಗಿದೆ. ಒಳಗಿನಿಂದ ಅವಳು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು.

ಬುಧವಾರವೆಲ್ಲ ಆ ಎಡಿಟರನ್ನು ಅಣಿ ಮಾಡುವುದರಲ್ಲೇ ಹೋಯಿತು. ಸುದ್ದಿ ಹರಡಿ ಅರ್ಧ ಊರೇ ದೋಣಿಗಳಲ್ಲಿ ಬಂದು ಸುತ್ತ ನಿಂತಿತ್ತು, ಎಲ್ಲರ ಬಾಯಲ್ಲೂ ಬಿಟ್ಟಿ ಸಲಹೆ. ಮೊದಲಿಗೆ ಕನ್ನಡ ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು ಬಂದವು. ಹಾಗೇ ಬಿಡು, ಖಾಲಿ ಚೌಕ ತಾನೇ, ತೂಕವಿರಲಿಕ್ಕಿಲ್ಲ ಎಂದು ಕೆಲವರೆಂದರು. ಅವಳು ಕೇಳಲಿಲ್ಲ, ಅಕ್ಷರಗಳ ಫಾಂಟ್ ಹಾಕಿದಳು, ಅರ್ಧ ಬೆರಳು ಹೋಯಿತು. ಸಾಲುಗಳಿಗೆ ಸಂಖ್ಯೆ ಬರುವಂತೆ ಮಾಡಿದಳು, ಅದಕ್ಕೊಂದು ಕಾಳು. ಆಜ್ಞೆಗೊಂದು ಬಣ್ಣ, ವಿವರಣೆಗೊಂದು ಬಣ್ಣ ಎಂದು ಆರಿಸಿದಳು, ಅದಕ್ಕೆ ಎರಡು ಕಾಳು. ಹಿನ್ನೆಲೆಯನ್ನು ಕಪ್ಪು ಮಾಡಲು ಹೊರಟಾಗ ನಾನೇ ದೋಣಿಯಲ್ಲಿ ಎದ್ದು ನಿಂತು ಬೇಡವೆಂದೆ. ಅಷ್ಟೂ ಜಾಗಕ್ಕೆ ಶಾಯಿ ಬಳಿದ ಹಾಗಲ್ಲವೇ, ಮನೆ ತಳ ಸೇರುತ್ತದೆ ಎಂದು ನನ್ನ ಲೆಕ್ಕ. ಅವಳು ನಗುತ್ತ ಕಪ್ಪು ಮಾಡಿಯೇಬಿಟ್ಟಳು, ನೀರು ಕೂದಲೆಳೆಯಷ್ಟೂ ಅಲುಗಲಿಲ್ಲ. ನಾನು ನಾಲಿಗೆ ಕಚ್ಚಿಕೊಂಡು ಕೂತೆ. ಪದವನ್ನು ಅರ್ಧ ಬರೆಯುವಷ್ಟರಲ್ಲಿ ಉಳಿದರ್ಧವನ್ನು ತಾನೇ ತುಂಬುವ ಸೌಕರ್ಯವೂ ಒಂದಿದೆಯಂತೆ, ಅದನ್ನೂ ಹಾಕಿಕೋ ಎಂದು ಜುಲೇಖಾ ಹೇಳಿದಳು.

"ಬೇಡ ಕಣೇ," ಅಂದಳು ಅಶ್ವತ್ಥಮ್ಮ. "ನಾನು ಮಾತು ಮುಗಿಸೋಕೆ ಮುಂಚೆ ಬಾಯಿ ಹಾಕೋರು ಈ ಊರಲ್ಲಿ ಬೇಕಾದಷ್ಟು ಜನ ಇದಾರೆ."

ದೋಣಿಗಳಲ್ಲಿದ್ದವರು ನಕ್ಕರು, ಮರಿಗೌಡರೊಬ್ಬರನ್ನು ಬಿಟ್ಟು. ಅವಳು ತನಗೆ ಬೇಕಾದಷ್ಟನ್ನೇ ಇಟ್ಟುಕೊಂಡಳು, ಕೀಲಿಗಳನ್ನು ತನ್ನ ಬೆರಳಿಗೆ ಒಗ್ಗುವ ಹಾಗೆ ಹೊಂದಿಸಿದಳು, ಅಕ್ಷರಗಳನ್ನು ತನ್ನ ಕಣ್ಣಿಗೆ ತಕ್ಕ ಗಾತ್ರಕ್ಕೆ ತಂದಳು. ಆ ದಿನ ಸಂಜೆ ಅವಳ ಮುಖದಲ್ಲಿ ಹೊಸ ಅಡುಗೆಮನೆಗೆ ಕಾಲಿಟ್ಟ ಹೆಂಗಸಿನ ಗೆಲುವಿತ್ತು. ಯಾವ ಡಬ್ಬ ಎಲ್ಲಿದೆ ಎಂದು ಅವಳಿಗೊಬ್ಬಳಿಗೇ ಗೊತ್ತು.

ಗುರುವಾರ ಅಪ್ಪನ ಪ್ರೋಗ್ರಾಮನ್ನು ತೆರೆದಾಗ ಆ ಗೆಲುವು ಇಳಿದುಹೋಯಿತು. ಗೆರೆಗೂ ನೀರಿಗೂ ನಡುವೆ ಉಳಿದದ್ದು ಒಂದು ಬೆರಳು. ಸಂಜೆಯ ತೂಬಿಗೆ ಹೊಸದಾಗಿ ಹದಿನೆಂಟು ಸಾಲು ಬರೆಯಬೇಕು. ಪ್ರಯತ್ನಕ್ಕೆಂದು ಮೂರು ಸಾಲು ಬರೆದಳು, ಕಾಲು ಬೆರಳು ಹೋಯಿತು. ಹದಿನೆಂಟಕ್ಕೆ ಎಷ್ಟಾಗುತ್ತದೆಂದು ಯಾರು ಬೇಕಾದರೂ ಹೇಳಬಹುದಿತ್ತು, ದೋಣಿಗಳಲ್ಲಿದ್ದವರೆಲ್ಲ ಹೇಳಿಯೂ ಬಿಟ್ಟರು. ಬರೆದದ್ದನ್ನು ಅಳಿಸಿದಳು. ಹಳೆಯದರಲ್ಲಿ ಏನಾದರೂ ತೆಗೆಯಲು ಬರುತ್ತದೆಯೇ ಎಂದು ಸಾಲು ಸಾಲಾಗಿ ನೋಡಿದಳು. ಅಪ್ಪ ಎಲ್ಲವನ್ನೂ ಆಗಲೇ ಹಿಂಡಿಬಿಟ್ಟಿದ್ದರು. ತೂಬು ಎನ್ನುವುದಕ್ಕೆ ತೂ, ನೀರು ಎನ್ನುವುದಕ್ಕೆ ನೀ, ಬೆಳಿಗ್ಗೆ ಎನ್ನುವುದಕ್ಕೆ ಬೆ. ಒಂದೇ ಒಂದು ವಿವರಣೆಯ ಸಾಲಿಲ್ಲ. ಇಷ್ಟು ಬಡಕಲು ಪ್ರೋಗ್ರಾಮಿಗೆ ಮನೆ ಇಷ್ಟೊಂದು ಇಳಿಯುವುದು ಹೇಗೆ ಎಂದು ಅವಳು ನನ್ನನ್ನು ಕೇಳಿದಳು. ಅವಳು ಕೇಳಿದ್ದಕ್ಕೆ ಉತ್ತರ ನನ್ನ ಬಾಯಿಯ ತುದಿಗೆ ಬಂದಿತ್ತು, ನಿನ್ನ ಹೆಸರು ಎಂದು. ನುಂಗಿಕೊಂಡೆ. ಆದರೆ ಅವಳು ನನ್ನ ಮುಖ ನೋಡಿದಳು, ಅರ್ಥ ಮಾಡಿಕೊಂಡಳು, ಕಿಟಕಿ ಹಾಕಿಕೊಂಡಳು.

ಶುಕ್ರವಾರ ಮಧ್ಯಾಹ್ನದ ತನಕ ಆ ಕಿಟಕಿ ತೆರೆಯಲಿಲ್ಲ. ಮರಿಗೌಡರು ಹಗ್ಗ ಬಿಚ್ಚುವ ಇಬ್ಬರನ್ನು ಕರೆದುಕೊಂಡು ಬಂದು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ದೋಣಿ ತೆಗೆದುಕೊಂಡು ಹೋಗಿ ಅವಳ ಬಾಗಿಲಿಗೆ ಕಟ್ಟಿ, ಒಳಗೆ ಹೋಗಿ ಅವಳ ಹಿಂದೆ ನಿಂತೆ. ಕೈಚೆಲ್ಲಿ ಕೂತಿರುತ್ತಾಳೆ ಎಂದುಕೊಂಡಿದ್ದೆ. ಅವಳು ಎಡಿಟರಿನ ಸೆಟ್ಟಿಂಗುಗಳ ಪುಟವನ್ನು ಮೇಲಿನಿಂದ ಓದುತ್ತಿದ್ದಳು. ಹೋಗುವುದಾದರೆ ಇದರಲ್ಲಿ ಏನೇನಿತ್ತು ಎಂದಾದರೂ ತಿಳಿದುಕೊಂಡು ಹೋಗುತ್ತೇನೆ ಎಂದಳು. ಕೆಳಗೆಲ್ಲೋ ಒಂದು ಮೂಲೆಯಲ್ಲಿ ಕಾಣದ ಅಕ್ಷರಗಳನ್ನು ತೋರಿಸು ಎಂದಿತ್ತು. ಕಾಣದ ಅಕ್ಷರವೆಂದರೇನು ಎಂದು ಇಬ್ಬರಿಗೂ ತಿಳಿಯಲಿಲ್ಲ. ಅವಳು ಅದರ ಮುಂದೆ ಗುರುತು ಹಾಕಿ ಪ್ರೋಗ್ರಾಮಿಗೆ ಮರಳಿದಳು.

ಪರದೆಯ ತುಂಬ ಚುಕ್ಕಿ. ಮೊರದಿಂದ ರಾಗಿ ಚೆಲ್ಲಿದ ಹಾಗೆ, ಪ್ರತಿ ಸಾಲಿನ ಮುಂದೆ ಬಲತುದಿಯವರೆಗೆ ಚುಕ್ಕಿ, ಸಾಲಿಗೂ ಸಾಲಿಗೂ ನಡುವೆ ಚುಕ್ಕಿಯ ಸಾಲು, ಕೆಳಗೆ ಪುಟಗಟ್ಟಲೆ ಬರೀ ಚುಕ್ಕಿ. ಅಕ್ಷರಗಳು ಅವುಗಳ ನಡುವೆ ಎಲ್ಲೋ ಒಂದೊಂದು ಕಾಣುತ್ತಿದ್ದವು. ಇದೇನಿದು ಹುಳ ಬಿದ್ದಿದೆಯೇ ಎಂದೆ. ಅವಳು ಬೇರೆ ಹಾಳೆ ತೆರೆದು ಕೀಲಿಮಣೆಯ ಉದ್ದ ಕೀಲಿಯನ್ನು ಒಮ್ಮೆ ಒತ್ತಿದಳು. ಒಂದು ಚುಕ್ಕಿ ಬಂತು. ಮತ್ತೊಮ್ಮೆ ಒತ್ತಿದಳು. ಟಕ, ಇನ್ನೊಂದು ಚುಕ್ಕಿ. ಎಷ್ಟು ವರ್ಷ ಸಂಜೆ ಹೊತ್ತು ನಮ್ಮ ಮನೆಗೆ ಕೇಳುತ್ತಿದ್ದ ಸದ್ದು ಅದು.

"ಕಾಗದದ ಮೇಲೆ ಖಾಲಿ ಬಿಡ್ತೀವಿ," ಅವಳು ನಿಧಾನವಾಗಿ ಅಂದಳು. "ಇದರಲ್ಲಿ ಖಾಲಿನೂ ಒತ್ತಬೇಕು. ಒತ್ತಿದ್ದೆಲ್ಲ ಬರವಣಿಗೆನೇ ಅಲ್ವಾ ಚಿಕ್ಕಣ್ಣಯ್ಯ?"

ಗಾಳಿ ಸಿಗಲಿ ಎಂದು ಆ ಮನುಷ್ಯ ಮಗಳು ಹುಟ್ಟಿದ ವರ್ಷದಿಂದ ಹಿಡಿದು ಇಪ್ಪತ್ತು ವರ್ಷ ದಿನವೂ ಮನೆಯೊಳಕ್ಕೆ ಕಲ್ಲು ಹೇರಿದ್ದರು. ನಾವು ಅವರ ಮಗಳ ಹೆಸರನ್ನು ಬೈದುಕೊಂಡು ಕೂತಿದ್ದೆವು. ಅವಳ ಕಣ್ಣು ತುಂಬಿತ್ತು. ಹೊರಗೆ ಹೋಗಿ ಗೆರೆ ನೋಡು ಎಂದಳು.

ನಾನು ಎದ್ದೆನೋ ಬಿದ್ದೆನೋ ಎಂದು ದೋಣಿಗೆ ಇಳಿದು ಗೋಡೆಗೆ ಮುಖ ಹತ್ತಿಸಿ ಕೂತೆ. ಮೊದಲ ಸಾಲಿನ ಚುಕ್ಕಿಗಳನ್ನು ತೆಗೆದೆ ಎಂದು ಒಳಗಿನಿಂದ ಹೇಳಿದಳು. ನೀರು ಒಂದು ಕಾಳು ಇಳಿಯಿತು. ನನ್ನ ಕಣ್ಣನ್ನು ನಾನೇ ನಂಬದೆ ಉಜ್ಜಿಕೊಂಡು ಮತ್ತೆ ನೋಡಿದೆ. ಹತ್ತು ಸಾಲು ಎಂದಳು. ಒಂದೂವರೆ ಬೆರಳು. ಆಗ ನಾನು ಕೂಗಿದೆ, ಏನು ಕೂಗಿದೆನೋ ನೆನಪಿಲ್ಲ, ಮರಿಗೌಡರು ಎಲೆಯಡಿಕೆ ಉಗಿದು ಎದ್ದು ನಿಂತರು. ಸಾಲುಗಳ ಕೊನೆಯ ಚುಕ್ಕಿಗಳನ್ನೆಲ್ಲ ಒಟ್ಟಿಗೆ ಗುಡಿಸಿಹಾಕುವ ಒಂದು ಆಜ್ಞೆ ಆ ಪುಟ್ಟ ಎಡಿಟರಿನಲ್ಲಿ ಇತ್ತಂತೆ, ಅವಳು ಅದನ್ನು ಹುಡುಕಿ ಒತ್ತಿದಳು.

ಮನೆ ಎದ್ದಿತು. ಕೆರೆಯ ನೀರು ಅದರ ಸುತ್ತ ಗುಳುಗುಳು ಎಂದು ಸುತ್ತಿ ಹಿಂದೆ ಸರಿಯಿತು, ಹಗ್ಗಗಳು ಬಿಗಿದವು. ಗೇಣು, ಮೊಳ, ಎರಡು ಮೊಳ. ಗೋಡೆಯ ಮೇಲೆ ಪಾಚಿ ಕಂಡಿತು, ಪಾಚಿಯ ಕೆಳಗೆ ಬಸವನಹುಳುಗಳು ಸಾಲಾಗಿ ಕೂತಿದ್ದವು, ಬಿಸಿಲು ಬಿದ್ದು ಕಕ್ಕಾಬಿಕ್ಕಿಯಾಗಿ ಒಂದೊಂದೇ ನೀರಿಗೆ ಉದುರಿದವು. ಅದರ ಕೆಳಗಿನಿಂದ ಒಂದು ಮೆಟ್ಟಿಲು ಮೇಲೆ ಬಂತು. ಅದರ ಕೆಳಗೆ ಇನ್ನೊಂದು, ಮತ್ತೊಂದು. ಆ ಮನೆಗೆ ಮೆಟ್ಟಿಲುಗಳಿದ್ದ ವಿಷಯವನ್ನೇ ನಾವು ಮರೆತಿದ್ದೆವು. ಒಂದೇ ಹಗ್ಗವಾದ್ದರಿಂದ ನನ್ನ ಮನೆಯೂ ಆ ಕಡೆಗೆ ವಾಲಿ ಅಂಗಡಿಯ ಕಪಾಟಿನಿಂದ ರಬ್ಬರುಗಳೆಲ್ಲ ಉರುಳಿ ಕೆರೆಗೆ ಬಿದ್ದು ತೇಲಿದವು. ಬಿದ್ದರೆ ಬೀಳಲಿ ಎನಿಸಿತು. ನನಗೆ ಅಷ್ಟು ಸಂತೋಷವಾಗಿತ್ತು.

ಹಗ್ಗ ಬಿಚ್ಚಲು ಬಂದಿದ್ದ ಇಬ್ಬರು ಅದೇ ಹಗ್ಗವನ್ನು ಸಡಿಲಿಸಿ ಹೊಸ ಎತ್ತರಕ್ಕೆ ಕಟ್ಟಿಕೊಟ್ಟರು. ಅಶ್ವತ್ಥಮ್ಮ ಆ ಸಂಜೆ ಹದಿನೆಂಟಲ್ಲ, ನಲವತ್ತು ಸಾಲು ಬರೆದಳು. ತೂ ಎಂದಿದ್ದಲ್ಲಿ ತೂಬು ಎಂದು ಬರೆದಳು, ಬೆ ಎಂದಿದ್ದಲ್ಲಿ ಬೆಳಿಗ್ಗೆ ಎಂದು ಒತ್ತಕ್ಷರವನ್ನೂ ಸೇರಿಸಿ ಬರೆದಳು, ಯಾವ ಸಾಲು ಏನು ಮಾಡುತ್ತದೆಂದು ಮುಂದೆ ಬರುವವರಿಗಾಗಿ ವಿವರಣೆ ಬರೆದಳು. ಮೆಟ್ಟಿಲುಗಳಲ್ಲಿ ಒಂದೂ ನೆನೆಯಲಿಲ್ಲ. ಶನಿವಾರ ದೋಣಿಯಿಳಿದ ಇಂಜಿನಿಯರನ್ನು ಮರಿಗೌಡರು ಊಟ ಹಾಕಿ ವಾಪಸು ಕಳಿಸಿದರು. ಭಾನುವಾರ ಸಂಜೆ ಎರಡನೇ ಕಾಲುವೆಯ ನೀರು ನುಗ್ಗಿ ಬಂದಾಗ ಇಡೀ ಊರು ಹೊಸ್ತಿಲಲ್ಲಿ ಉಸಿರು ಬಿಗಿಹಿಡಿದು ನಿಂತಿತ್ತು. ಕೆರೆಯ ತಳದಲ್ಲಿ ಗಡಗಡ ಸದ್ದಾಯಿತು, ತೂಬು ಹೇಳಿದ ಹೊತ್ತಿಗೆ ತೆರೆಯಿತು. ನಲವತ್ತೊಂದು ಮನೆಗಳು ಒಟ್ಟಿಗೆ ಮೇಲೆದ್ದು ಒಟ್ಟಿಗೆ ಕೆಳಗಿಳಿದವು, ಒಂದು ಮನೆಯ ಗೆರೆಯೂ ನೆನೆಯಲಿಲ್ಲ. ಜುಲೇಖಾ ಅಂಚೆ ದೋಣಿಯ ಗಂಟೆಯನ್ನು ಬಾರಿಸಿಯೇ ಬಾರಿಸಿದಳು.

ಮರಿಗೌಡರು ಸೋಮವಾರ ಅವಳ ಮನೆಗೆ ಬಂದರು. ಮೂರು ಮೆಟ್ಟಿಲು ಹತ್ತಿಯೇ ಹೋಗಬೇಕಿತ್ತು, ಹತ್ತಿದರು. ಊರಿನ ಪರವಾಗಿ ಏನಾದರೂ ಕೊಡಬೇಕೆಂದಿದೆ, ಏನು ಬೇಕು ಕೇಳು ಎಂದರು. ಏನೂ ಬೇಡ, ಒಂದು ಸಾಲು ಬರೆಯುವುದು ಬಾಕಿ ಇದೆ, ಅದಕ್ಕೆ ಅಡ್ಡಿ ಮಾಡಬೇಡಿ ಎಂದಳು. ಮರಿಗೌಡರು ಬಾಗಿಲ ಪಟ್ಟಿಯ ಕಡೆ ನೋಡಿದರು, ಸುಣ್ಣ ಕೆರೆದ ಗುರುತು ಅಲ್ಲಿ ಹಾಗೇ ಇತ್ತು. ಆಮೇಲೆ ತಲೆ ತಗ್ಗಿಸಿದರು. ಅವಳು ನನ್ನನ್ನು ಗೆರೆ ನೋಡಲು ಕಳಿಸಿದಳು. ನಾನು ದೋಣಿಗೆ ಇಳಿದೆ, ಒಳಗೆ ಕೀಲಿಗಳ ಸದ್ದು ಕೇಳಿತು. ಪ್ರೋಗ್ರಾಮಿನ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ, ಇದನ್ನು ಬರೆದವರು ಚೆಲುವರಾಯರ ಮಗಳು ಅಶ್ವತ್ಥಮ್ಮ ಎಂದು ಅವಳು ಬರೆದಳು. ಒತ್ತು ಒಂದನ್ನೂ ಬಿಡಲಿಲ್ಲ.

"ಎಷ್ಟು ಇಳೀತು?" ಕಿಟಕಿಯಿಂದ ತಲೆ ಹೊರಹಾಕಿ ಕೇಳಿದಳು.

ನಾನು ಬಗ್ಗಿ ನೋಡಿದೆ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಒಂದು ಕಾಳು, ಅದೂ ಸಣ್ಣ ಕಾಳು ಎಂದೆ.

"ಅಷ್ಟು ಇರಲಿ," ಅಂದಳು ಅಶ್ವತ್ಥಮ್ಮ. "ಅದು ನನ್ನದು."